ಮನೆ, ಹಿತ್ತಲಿನ ಜೇಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಜೇಡ ಕಂಡ ತಕ್ಷಣ ಒಂದು ಫೋಟೊ ಹೊಡೆದು "ಇದೇನು, ವಿಷ ಇದೆಯಾ?" ಅಂತ ಕಳಿಸುವವರು ಜಾಸ್ತಿ. ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ, ಹಾಗಾಗಿ ಉತ್ತರಗಳನ್ನೆಲ್ಲ ಒಂದೇ ಕಡೆ ಹಾಕಿದ್ದೇನೆ. ಇಲ್ಲಿ ಹೇಳಿರುವುದು ಕರ್ನಾಟಕದ ಮನೆ, ಅಂಗಳ, ಹಿತ್ತಲು, ತೋಟಗಳಲ್ಲಿ ಕಾಣುವ ಜೇಡಗಳ ಬಗ್ಗೆ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಎಲ್ಲಿ ಕೂತಿದೆ, ಬಲೆ ಎಂಥದು ಅಥವಾ ಬಲೆಯೇ ಇಲ್ಲವಾ, ಹೇಗೆ ಓಡಾಡುತ್ತದೆ ಅನ್ನುವುದನ್ನು ನೋಡಿದರೆ ಅರ್ಧ ಗುರುತು ಸಿಕ್ಕಿಬಿಡುತ್ತದೆ.

ಮೊದಲು ಇದು ಹೇಳಿ: ಕಚ್ಚಿದರೆ ಏನಾಗುತ್ತದೆ?

ಹೆಚ್ಚುಕಡಿಮೆ ಎಲ್ಲ ಜೇಡಗಳಿಗೂ ವಿಷ ಇದೆ. ಆದರೆ ಅದು ಇರೋದು ನೊಣ, ಸೊಳ್ಳೆ, ಜಿರಲೆಗಳಿಗೆ, ನಮಗಲ್ಲ. ಮನೆಯೊಳಗಿನ ಸಣ್ಣ ಜೇಡಗಳಲ್ಲಿ ಬಹಳಷ್ಟರ ಹಲ್ಲು ನಮ್ಮ ಚರ್ಮದೊಳಗೆ ಸರಿಯಾಗಿ ಇಳಿಯುವುದೂ ಇಲ್ಲ. ದೊಡ್ಡವು ಕಚ್ಚುತ್ತವೆ, ಅದೂ ಬಟ್ಟೆಯೊಳಗೆ ಸಿಕ್ಕಿಹಾಕಿಕೊಂಡಾಗ ಅಥವಾ ಕೈಯಲ್ಲಿ ಹಿಡಿದು ಒತ್ತಿದಾಗ. ಸ್ವಲ್ಪ ಹೊತ್ತು ಉರಿ, ಕೆಂಪು, ಊತ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಊತ ಹರಡುತ್ತಾ ಹೋದರೆ, ಮೈಕೈ ಸೆಳೆತ ಬಂದರೆ, ಜ್ವರ ಬಂದರೆ, ಉಸಿರು ಕಟ್ಟಿದ ಹಾಗಾದರೆ ಸುಣ್ಣ, ಅರಿಶಿನ ಹಚ್ಚುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಇಂಟರ್ನೆಟ್ಟಿನಲ್ಲಿ ಬ್ಲ್ಯಾಕ್ ವಿಡೋ ಅನ್ನುವ ವಿಷದ ಜೇಡದ ಫೋಟೊ ನೋಡಿ ಹೆದರಿದವರಿಗೆ ಒಂದು ಮಾತು. ಆ ಗುಂಪಿನ ಕೆಲವು ಜೇಡಗಳು ಭಾರತದಲ್ಲೂ ದಾಖಲಾಗಿವೆ, ನಿಜ. ಆದರೆ ನಿಮ್ಮ ಹಾಲ್‌ನ ಗೋಡೆ ಮೇಲೆ ಓಡಾಡುವ ಕಂದು ಜೇಡ ಅದಲ್ಲ.

ಜೇಡ ಮೈಮೇಲೆ ಉಚ್ಚೆ ಹೊಯ್ದರೆ ಬೊಕ್ಕೆ ಏಳುತ್ತೆ ಅಂತಾರೆ. ನಿಜವಾ?

ಅಲ್ಲ. ಇದನ್ನು ನಂಬದ ಮನೆಯೇ ಇಲ್ಲವೇನೋ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಜೇಡದ ವಿಸರ್ಜನೆ ಅಂದರೆ ಗೋಡೆ ಮೇಲೆ, ಬಲೆಯ ಕೆಳಗೆ ನೆಲದಲ್ಲಿ ಕಾಣುವ ಬಿಳಿ-ಕಪ್ಪು ಚುಕ್ಕೆಗಳು. ಅದು ಚರ್ಮ ಸುಡುವುದಿಲ್ಲ. ರಾತ್ರಿ ಸರಿಯಾಗಿಯೇ ಮಲಗಿ, ಬೆಳಿಗ್ಗೆ ಎದ್ದಾಗ ಕತ್ತಿನ ಮೇಲೋ ಕೆನ್ನೆ ಮೇಲೋ ಗೀರು ಎಳೆದ ಹಾಗೆ ಕೆಂಪಾಗಿ, ನೀರುಗುಳ್ಳೆ ಎದ್ದು ಉರಿಯುತ್ತಿದ್ದರೆ ಅದು ಬಹಳ ಸಲ ಬೇರೆಯೇ ಹುಳದ ಕೆಲಸ. ಕಿತ್ತಳೆ-ಕಪ್ಪು ಬಣ್ಣದ, ಒಂದು ಸೆಂಟಿಮೀಟರ್ ಕೂಡ ಉದ್ದ ಇಲ್ಲದ, ನೋಡಲು ಇರುವೆಯ ಹಾಗಿರುವ ಒಂದು ಜೀರುಂಡೆ ಜಾತಿ ಅದು. ಹೆಸರು ಪೆಡೆರಸ್. ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ ದೀಪಕ್ಕೆ ಬರುತ್ತದೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕೂತಾಗ ನಾವು ನಿದ್ದೆಗಣ್ಣಲ್ಲಿ ಉಜ್ಜಿ ಸಾಯಿಸುತ್ತೇವೆ, ಆಗ ಅದರ ರಕ್ತದಲ್ಲಿರುವ ಪೆಡೆರಿನ್ ಅನ್ನುವ ರಾಸಾಯನಿಕ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಗುಳ್ಳೆ ಏಳುವುದು ಒಂದೆರಡು ದಿನ ಬಿಟ್ಟು. ಅಷ್ಟರಲ್ಲಿ ಹುಳ ಎಲ್ಲೋ ಹೋಗಿರುತ್ತದೆ, ಗೋಡೆ ಮೇಲೆ ಕಣ್ಣಿಗೆ ಬೀಳುವುದು ಜೇಡ. ತಪ್ಪು ಅದರ ತಲೆ ಮೇಲೆ. ಅಂಥ ಹುಳ ಮೈಮೇಲೆ ಕಂಡರೆ ಉಜ್ಜದೆ ಊದಿ ಹಾರಿಸಿ, ಆ ಜಾಗವನ್ನು ತಕ್ಷಣ ಸೋಪಿನಲ್ಲಿ ತೊಳೆಯಿರಿ.

ಇನ್ನು ಎದೆ, ಬೆನ್ನು, ಸೊಂಟದ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಗುಳ್ಳೆ ಎದ್ದು ಒಳಗೆ ನೋವಿದ್ದರೆ ಅದು ಸರ್ಪಸುತ್ತು ಇರಬಹುದು. ಅದು ಸಿಡುಬಿನ ಥರದ ಗುಳ್ಳೆ ತರುವ ಚಿಕನ್‌ಪಾಕ್ಸ್ ವೈರಸ್ಸೇ ವರ್ಷಗಟ್ಟಲೆ ನರದಲ್ಲಿ ಅಡಗಿದ್ದು ಮತ್ತೆ ಎದ್ದು ಬರುವುದು. ಅದಕ್ಕೆ ಔಷಧಿ ಇದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. "ಜೇಡ ಹರಿದಿದೆ, ತಾನೇ ಹೋಗುತ್ತೆ" ಅಂತ ಕಾಯುವುದರಿಂದ ಆಗುವ ನಷ್ಟ ಇಲ್ಲೇ.

ಮೂಲೆಯಲ್ಲಿ ಕಾಲು ಮಾತ್ರ ಇರುವ ಹಾಗೆ ಕಾಣುವ ಜೇಡ ಯಾವುದು? ಊದಿದರೆ ಗಡಗಡ ನಡುಗುತ್ತದೆ.

ನಮ್ಮ ಮನೆಗಳ ಕಾಯಂ ಬಾಡಿಗೆದಾರ. ಕೂದಲಿನಷ್ಟು ತೆಳ್ಳಗಿನ ಕಾಲು, ಅವ್ಯವಸ್ಥೆಯ ಬಲೆ, ತಲೆಕೆಳಗಾಗಿ ನೇತಾಡುವುದು. ಹೊಟ್ಟೆಯ ಹಿಂಭಾಗದಲ್ಲಿ ಮೇಲೆ ಒಂದು ಮೊನೆಯಿದ್ದು, ಕಾಲಿನ ಗಂಟುಗಳು ಕಪ್ಪಗಿದ್ದರೆ ಅದು ಬಹುತೇಕ ಕ್ರಾಸೊಪ್ರಿಜಾ ಲಯೋನಿ. ಹೊಟ್ಟೆ ನೀಳವಾಗಿ ಉರುಳೆಯಾಕಾರದಲ್ಲಿದ್ದರೆ ಫೋಲ್ಕಸ್ ಅಥವಾ ಅದರ ನೆಂಟ.

ನಡುಗುವುದು ಹೆದರಿಕೆಯಿಂದ ಅಂತ ಬೇಕಾದರೆ ಅನ್ನಿ. ಆದರೆ ಅದು ಒಳ್ಳೆಯ ಉಪಾಯ. ಅಷ್ಟು ವೇಗವಾಗಿ ಅಲುಗಾಡುವಾಗ ಹಿಡಿಯಲು ಬಂದವರಿಗೆ ದೇಹ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಸೊಳ್ಳೆ, ಇರುವೆ, ಬೇರೆ ಜೇಡ, ತನಗಿಂತ ದೊಡ್ಡ ಜೇಡ, ಎಲ್ಲವನ್ನೂ ತಿನ್ನುತ್ತದೆ. ಉದ್ದ ಕಾಲಿನಿಂದ ದೂರದಲ್ಲೇ ನಿಂತು ಬೇಟೆಯ ಮೇಲೆ ನೂಲು ಎಸೆದು ಕಟ್ಟಿಹಾಕುವುದನ್ನು ಒಮ್ಮೆ ನೋಡಿ. ಹೆಣ್ಣು ತನ್ನ ಮೊಟ್ಟೆಗಳ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಮೊಟ್ಟೆಗಳನ್ನು ಒಟ್ಟಿಗೆ ಹಿಡಿದಿರುವುದು ನಾಲ್ಕಾರು ಎಳೆ ಮಾತ್ರ, ಒಂದೊಂದು ಮೊಟ್ಟೆಯೂ ಕಾಣುತ್ತದೆ.

"ಪ್ರಪಂಚದಲ್ಲೇ ಹೆಚ್ಚು ವಿಷ ಇದಕ್ಕಂತೆ, ಹಲ್ಲು ಚಿಕ್ಕದಾದ್ದರಿಂದ ನಾವು ಬಚಾವ್" ಅನ್ನುವ ವಾಟ್ಸಾಪ್ ಕಥೆ ಸುಳ್ಳು.

ಬಚ್ಚಲಲ್ಲಿ ಅಂಗೈಯಗಲ ಜೇಡ! ರಾತ್ರಿ ಲೈಟ್ ಹಾಕಿದಾಗ ಗೋಡೆಗೆ ಅಂಟಿಕೊಂಡಿತ್ತು. ಏನು ಮಾಡಲಿ?

ಏನೂ ಮಾಡಬೇಡಿ, ಜಿರಲೆ ತಿನ್ನಲು ಬಂದಿದೆ. ಹೆಟೆರೊಪೋಡಾ ವೆನಟೋರಿಯಾ ಅಂತ ಹೆಸರು, ಬಿಸಿ ದೇಶಗಳಲ್ಲೆಲ್ಲ ಹಡಗಿನ ಸಾಮಾನಿನ ಜೊತೆ ಹರಡಿರುವ ಜೇಡ. ಕಂದು ಬಣ್ಣ, ಚಪ್ಪಟೆ ಮೈ, ಕಾಲುಗಳು ಏಡಿಯ ಹಾಗೆ ಪಕ್ಕಕ್ಕೆ ಚಾಚಿರುತ್ತವೆ. ಕಣ್ಣುಗಳ ಕೆಳಗೆ ಬಿಳಿಚಾದ ಒಂದು ಪಟ್ಟಿ ಇರುತ್ತದೆ, ದೂರದಿಂದ ಮೀಸೆ ಅನ್ನಿಸುತ್ತದೆ. ಬಲೆ ಕಟ್ಟುವುದಿಲ್ಲ, ಓಡಿ ಹಿಡಿಯುತ್ತದೆ. ಚಪ್ಪಟೆ ಮೈ ಆದ್ದರಿಂದ ಬಾಗಿಲ ಚೌಕಟ್ಟಿನ ಸಂದಿ, ಕ್ಯಾಲೆಂಡರಿನ ಹಿಂದೆ, ಸಜ್ಜದ ಮೇಲಿನ ಡಬ್ಬದ ಹಿಂದೆ ಹಗಲೆಲ್ಲ ಆರಾಮಾಗಿ ಇರುತ್ತದೆ.

ಕೆಲವೊಮ್ಮೆ ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಹಿಡಿದುಕೊಂಡು ನಿಂತಿರುತ್ತದೆ. ಅದು ಮೊಟ್ಟೆಚೀಲ. ಒಳಗೆ ನೂರಕ್ಕೂ ಮೀರಿ ಮೊಟ್ಟೆ ಇರಬಹುದು. ಈ ಹೊತ್ತಿನಲ್ಲಿ ಅದನ್ನು ಪೊರಕೆಯಿಂದ ಹೊಡೆಯಲು ಹೋಗಿ ಚೀಲ ಒಡೆದು, ಗೋಡೆ ತುಂಬ ಮರಿ ಓಡಾಡಿದವು ಅಂತ ಗೋಳಾಡುವವರ ಬಗ್ಗೆ ನನಗೆ ಕನಿಕರ ಸ್ವಲ್ಪ ಕಡಿಮೆ. ಕಪ್ ಮುಚ್ಚಿ ಹೊರಗೆ ಬಿಡುವ ಕ್ರಮ ಕೆಳಗೆ ಹೇಳಿದ್ದೇನೆ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ಒತ್ತಿದರೆ ಕಚ್ಚುತ್ತದೆ, ನೋವಾಗುತ್ತದೆ.

ಕಿಟಕಿ ಹತ್ತಿರ ಚಂಗನೆ ಹಾರುವ ಪುಟ್ಟ ಜೇಡ ನನ್ನನ್ನೇ ತಿರುಗಿ ನೋಡುತ್ತದೆ. ಸುಮ್ನೆ ನನ್ನ ಭ್ರಮೆನಾ?

ಭ್ರಮೆ ಅಲ್ಲ, ನೋಡುತ್ತಿದೆ. ಹಾರುವ ಜೇಡಗಳ ಎಂಟು ಕಣ್ಣಿನಲ್ಲಿ ಮುಂದಿನ ಎರಡು ತುಂಬ ದೊಡ್ಡವು, ಅಷ್ಟು ಚಿಕ್ಕ ಪ್ರಾಣಿಗೆ ಅಷ್ಟು ಚುರುಕು ಕಣ್ಣು ಅಪರೂಪ. ಪಕ್ಕದ ಕಣ್ಣುಗಳು ಅಲುಗಾಟ ಹಿಡಿಯುತ್ತವೆ, ಆಮೇಲೆ ಜೇಡ ತಿರುಗಿ ದೊಡ್ಡ ಕಣ್ಣುಗಳಿಂದ ಏನದು ಅಂತ ಪರೀಕ್ಷೆ ಮಾಡುತ್ತದೆ. ಬೆರಳನ್ನು ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸಿ ನೋಡಿ, ಜೊತೆಗೇ ತಿರುಗುತ್ತದೆ. ಹಾರುವ ಮೊದಲು ನಿಂತ ಜಾಗಕ್ಕೆ ಒಂದು ಎಳೆ ಅಂಟಿಸಿಯೇ ಹಾರುತ್ತದೆ. ಗುರಿ ತಪ್ಪಿದರೆ ಆ ಎಳೆ ಹಿಡಿದು ನೇತಾಡಿ, ವಾಪಸ್ ಹತ್ತುತ್ತದೆ.

ಮನೆಯ ಹತ್ತಿರ ಸುಲಭವಾಗಿ ಸಿಗುವವು ಮೂರು. ಹೊರಗೋಡೆಯಲ್ಲಿ ಬೂದು ಬಣ್ಣದ ಚಪ್ಪಟೆ ಮೆನೆಮೆರಸ್. ಒಳಗೆ, ಕಿಟಕಿ ಹತ್ತಿರ ಪ್ಲೆಕ್ಸಿಪ್ಪಸ್, ಅದರ ಗಂಡಿಗೆ ಕಪ್ಪು-ಬಿಳಿ ಉದ್ದ ಪಟ್ಟೆಗಳು. ಹೂಕುಂಡಗಳ ನಡುವೆ ಹಸಾರಿಯಸ್ ಅಡನ್ಸೋನಿ, ಅದರ ಗಂಡು ಕಪ್ಪಗಿದ್ದು ಹೊಟ್ಟೆಯ ಮುಂಭಾಗದಲ್ಲಿ ಬಿಳಿ ಬಿಲ್ಲಿನಾಕಾರದ ಗುರುತು. ಗಂಡು ಹೆಣ್ಣಿನ ಎದುರು ಕಾಲೆತ್ತಿ ಕುಣಿಯುವುದು ಕಾಣಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿ. ಜೇಡ ಅಂದರೆ ಭಯ ಇರುವ ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ.

ಮಾವಿನ ಮರದಲ್ಲಿ ಕೆಂಜಿಗದ ಹಾಗೇ ಇರುವ ಜೇಡ ಇದೆಯಂತೆ?

ಇದೆ, ಒಂದಲ್ಲ ಎರಡು. ಕರಾವಳಿ, ಮಲೆನಾಡಿನವರಿಗೆ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಗೊತ್ತೇ ಇದೆ, ನೀವು ಹೇಳುವ ಕೆಂಜಿಗ ಅದೇ. ಮಾವು, ಗೇರು, ಹಲಸಿನ ಮರಗಳಲ್ಲಿ ಆ ಇರುವೆಗಳ ಅಕ್ಕಪಕ್ಕದಲ್ಲೇ, ಆದರೆ ಒಂದಿಷ್ಟು ಅಂತರ ಇಟ್ಟುಕೊಂಡು ಓಡಾಡುವ ಒಂದು ಹಾರುವ ಜೇಡ ಇದೆ. ಕೆಂಪು ಬಣ್ಣ, ಸಣ್ಣ ಸೊಂಟ, ಮುಂದಿನ ಕಾಲೆರಡನ್ನು ಎತ್ತಿ ಮೀಸೆಯ ಹಾಗೆ ಆಡಿಸುತ್ತದೆ. ಗಂಡಿನ ದವಡೆಗಳು ಎಷ್ಟು ಉದ್ದ ಅಂದರೆ ಒಂದು ಇರುವೆ ಇನ್ನೊಂದು ಇರುವೆಯನ್ನು ಹೊತ್ತುಕೊಂಡು ಹೋಗುತ್ತಿದೆ ಅನ್ನಿಸುತ್ತದೆ. ಇರುವೆಯ ಸಹವಾಸ ಹಕ್ಕಿ, ಕಣಜಗಳಿಗೆ ಬೇಡ, ಆ ಲಾಭಕ್ಕೆ ಈ ವೇಷ. ಮರ ತಟ್ಟಿದರೆ ಗುಟ್ಟು ಬಯಲು: ಇರುವೆ ಓಡಿ ಬಂದು ಕಚ್ಚುತ್ತದೆ, ಜೇಡ ನೂಲು ಬಿಟ್ಟು ಕೆಳಗೆ ಇಳಿಯುತ್ತದೆ.

ಎರಡನೆಯದು ಅಮಿಸಿಯೇಯಾ. ಹೊಟ್ಟೆಯ ತುದಿಯಲ್ಲಿ ಎರಡು ಕಪ್ಪು ಚುಕ್ಕೆ, ಇರುವೆಯ ಕಣ್ಣಿನ ಹಾಗೆ. ಇದು ವೇಷ ಹಾಕಿರುವುದು ಇರುವೆಗಳನ್ನೇ ಹಿಡಿದು ತಿನ್ನಲು.

ಗೋಡೆಗೆ ಅಂಟಿದ ಬೂದು ಬಣ್ಣದ ಚೀಲ, ಎರಡೂ ತುದಿಯಲ್ಲಿ ತೂತು. ಜೇಡದ ಮೊಟ್ಟೆಯಾ?

ಅಲ್ಲ, ಒಂದು ಜಾತಿಯ ಪತಂಗದ ಮರಿಹುಳ. ಧೂಳು, ಮರಳು, ನೂಲು ಸೇರಿಸಿ ಚೀಲ ಮಾಡಿಕೊಂಡು ಅದನ್ನು ಎಳೆದುಕೊಂಡೇ ಓಡಾಡುತ್ತದೆ. ಜೇಡಕ್ಕೂ ಇದಕ್ಕೂ ಒಂದು ಸಂಬಂಧ ಮಾತ್ರ ಇದೆ: ಹಳೆಯ ಜೇಡರ ಬಲೆ ಇದರ ಊಟ. ಗೋಡೆಯಲ್ಲಿ ಕಾಸಿನಗಲದ ತೆಳು ಬಿಳಿ ಬಲೆ, ಅದರ ಕೆಳಗೆ ಎಳ್ಳಿನಷ್ಟು ಜೇಡ ಇದ್ದರೆ ಅದು ಈಕೋಬಿಯಸ್. ಇರುವೆ ಬಂದರೆ ಸುತ್ತ ಗಿರಗಿರ ಓಡಿ ನೂಲಿನಿಂದ ಕಟ್ಟಿಹಾಕುತ್ತದೆ.

ಬಲೆ ನಡುವೆ ಬಿಳಿ ಅಂಕುಡೊಂಕು ಗೀಟು ಬರೆದು ಅದರ ಮೇಲೆ ಕೂತಿರುವ ಜೇಡ ಯಾವುದು?

ಆರ್ಜಿಯೋಪೆ. ಸಹಿ ಜೇಡ ಅಂತಲೂ ಕರೆಯುತ್ತಾರೆ. ಹೊಟ್ಟೆಯ ಮೇಲೆ ಹಳದಿ, ಕಂದು, ಬಿಳಿ ಅಡ್ಡಪಟ್ಟೆಗಳು. ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಚಿಹ್ನೆಯ ಹಾಗೆ ಕೂರುತ್ತದೆ, ಬಲೆಯಲ್ಲಿ ಬರೆದ ಗೀಟುಗಳೂ ಅದೇ ದಿಕ್ಕಿಗೆ ಇರುತ್ತವೆ. ತುಳಸಿಕಟ್ಟೆ ಪಕ್ಕ, ಕ್ರೋಟನ್ ಗಿಡ, ಪಾಪಸುಕಳ್ಳಿಯ ಬೇಲಿ, ಎಲ್ಲೆಲ್ಲೂ ಸಿಗುತ್ತದೆ.

ಆ ಗೀಟು ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳಲ್ಲೇ ಜಗಳ ಇದೆ. ಹಕ್ಕಿಗಳು ಬಲೆಗೆ ನುಗ್ಗಿ ಹರಿಯದಿರಲಿ ಅಂತ ಒಂದು ವಾದ. ಅದು ನೇರಳಾತೀತ ಬೆಳಕನ್ನು ಪ್ರತಿಫಲಿಸುವುದರಿಂದ ಹುಳಗಳು ಹೂವೆಂದು ಬರುತ್ತವೆ ಅನ್ನುವುದು ಇನ್ನೊಂದು. ಒಂದೇ ಜೇಡ ಒಂದು ದಿನ ನಾಲ್ಕು ಗೀಟು, ಇನ್ನೊಂದು ದಿನ ಎರಡು, ಮತ್ತೊಂದು ದಿನ ಏನೂ ಇಲ್ಲದೆ ಕಟ್ಟುವುದನ್ನು ನಿಮ್ಮ ಹಿತ್ತಲಲ್ಲೇ ನೋಡಬಹುದು. ದಿನಾ ಒಂದು ಫೋಟೊ ತೆಗೆದಿಡಿ, ಚೆನ್ನಾಗಿರುತ್ತದೆ.

ನೀವು ನೋಡುತ್ತಿರುವುದು ಹೆಣ್ಣು. ಗಂಡು ಬಲೆಯ ಅಂಚಿನಲ್ಲೆಲ್ಲೋ ಇರುತ್ತದೆ, ಹೆಣ್ಣಿಗಿಂತ ತುಂಬ ಚಿಕ್ಕದು. ಕೂಡಿದ ಮೇಲೆ ಬದುಕಿ ಹೋಗುವುದು ಅದರ ಅದೃಷ್ಟ.

ಅಡಿಕೆ ತೋಟದಲ್ಲಿ ಮುಖಕ್ಕೆ ಬಡಿಯುವ ಹಳದಿ ಬಲೆ?

ನೆಫಿಲಾ ಪಿಲಿಪೆಸ್. ಮಲೆನಾಡು, ಕೊಡಗು, ಕರಾವಳಿಯಲ್ಲಿ ಮಳೆ ಮುಗಿಯುವ ಹೊತ್ತಿಗೆ ದೊಡ್ಡದಾಗಿ ಬೆಳೆದಿರುತ್ತದೆ. ಬಲೆಯ ಎಳೆ ಬಿಸಿಲಿಗೆ ಚಿನ್ನದ ಬಣ್ಣಕ್ಕೆ ಹೊಳೆಯುತ್ತದೆ. ಬಲೆ ಒಂದು ಮೀಟರ್ ಮೀರುವುದೂ ಉಂಟು. ಹೆಣ್ಣಿನ ಮೈಯೇ ನಾಲ್ಕು ಸೆಂಟಿಮೀಟರ್ ಹತ್ತಿರ ಇರುತ್ತದೆ, ಗಂಡು ಬರೀ ಐದಾರು ಮಿಲಿಮೀಟರ್. ಅದೇ ಬಲೆಯಲ್ಲಿ ಬೆಳ್ಳಿಯ ಹನಿಯ ಹಾಗೆ ಮಿನುಗುವ ಚಿಕ್ಕ ಚಿಕ್ಕ ಜೇಡಗಳು ಕಂಡರೆ ಅವು ಮರಿಗಳಲ್ಲ. ಆರ್ಜಿರೋಡೆಸ್ ಅನ್ನುವ ಬೇರೆಯೇ ಜೇಡ. ದೊಡ್ಡಮ್ಮನ ಬಲೆಗೆ ಬಿದ್ದ ಸಣ್ಣಪುಟ್ಟ ಹುಳ ಕದ್ದು ತಿಂದು ಬದುಕುತ್ತದೆ.

ತೋಟದಲ್ಲಿ ನಡೆಯುವಾಗ ಮುಖದ ಮುಂದೆ ಒಂದು ಕೋಲು ಹಿಡಿದುಕೊಳ್ಳಿ, ಅಷ್ಟೆ. ಇದು ಅಟ್ಟಿಸಿಕೊಂಡು ಬಂದು ಕಚ್ಚುವ ಪ್ರಾಣಿ ಅಲ್ಲ.

ರಾತ್ರಿ ಬಾಗಿಲ ಮುಂದೆ ದೊಡ್ಡ ಬಲೆ ಇತ್ತು, ಬೆಳಿಗ್ಗೆ ಇಲ್ಲ. ಯಾರು ತೆಗೆದರು?

ಕಟ್ಟಿದವಳೇ ತಿಂದಳು. ನಿಯೋಸ್ಕೋನಾ ಗುಂಪಿನ ಕಂದು ಜೇಡಗಳು ಕತ್ತಲಾದ ಮೇಲೆ ಬಲೆ ಕಟ್ಟಿ, ಬೆಳಕು ಹರಿಯುವ ಮೊದಲು ನೂಲನ್ನೆಲ್ಲ ನುಂಗಿ ಎಲೆಯ ಅಡಿಗೋ ಸೂರಿನ ಕೆಳಗೋ ಸೇರಿಕೊಳ್ಳುತ್ತವೆ. ನೂಲು ಅಂದರೆ ಪ್ರೋಟೀನ್, ಅದನ್ನು ಬಿಸಾಡುವುದು ಯಾಕೆ? ತಿಂದದ್ದು ಮರುದಿನದ ಬಲೆಗೆ ಆಗುತ್ತದೆ.

ಸಂಜೆ ಏಳರ ಸುಮಾರಿಗೆ ಒಂದು ಕುರ್ಚಿ ಹಾಕಿಕೊಂಡು ಕೂತರೆ ಬಲೆ ಕಟ್ಟುವುದನ್ನು ಮೊದಲಿನಿಂದ ಕೊನೆವರೆಗೆ ನೋಡಬಹುದು. ಒಂದು ಗಂಟೆಯೊಳಗೆ ಮುಗಿಯುತ್ತದೆ, ಎಷ್ಟೋ ಸೀರಿಯಲ್‌ಗಿಂತ ವಾಸಿ. ಮೊದಲು ಗಾಳಿಗೆ ಒಂದು ಎಳೆ ತೇಲಿಬಿಡುತ್ತದೆ, ಅದು ಎದುರಿನ ಗಿಡಕ್ಕೆ ಅಂಟಿದರೆ ಸೇತುವೆ ಸಿಕ್ಕಿತು. ಅದರ ನಡುವಿನಿಂದ ಕೆಳಕ್ಕೆ ಇಳಿದು ಮೂರು ಕವಲಿನ ಚೌಕಟ್ಟು. ಆಮೇಲೆ ನಡುವಿನಿಂದ ಅಂಚಿಗೆ ಅರೆಕಾಲುಗಳು, ಬಂಡಿಚಕ್ರದ ಹಾಗೆ. ನಂತರ ಒಳಗಿನಿಂದ ಹೊರಕ್ಕೆ ಅಗಲಗಲವಾಗಿ ಒಂದು ಸುರುಳಿ ಸುತ್ತುತ್ತದೆ. ಅದಕ್ಕೆ ಅಂಟಿಲ್ಲ, ಅದು ಸಾರುವೆ ಮಾತ್ರ. ಕೊನೆಗೆ ಹೊರಗಿನಿಂದ ಒಳಕ್ಕೆ ಬರುತ್ತಾ ಆ ಸಾರುವೆಯನ್ನು ಕಿತ್ತು, ಅಂಟಿನ ಹನಿಗಳಿರುವ ನಿಜವಾದ ಸುರುಳಿಯನ್ನು ಹತ್ತಿರ ಹತ್ತಿರ ಹಾಕುತ್ತದೆ. ಹಿಂದಿನ ಕಾಲಿನಿಂದ ಅಳತೆ ನೋಡಿ ನೋಡಿ ಅಂಟಿಸುವುದು ಕಾಣಬೇಕಾದರೆ ಟಾರ್ಚನ್ನು ಪಕ್ಕದಿಂದ ಬಿಡಿ, ನೇರ ಅಲ್ಲ.

ತನ್ನ ಬಲೆಗೆ ತಾನೇ ಯಾಕೆ ಅಂಟಿಕೊಳ್ಳುವುದಿಲ್ಲ?

ಅಂಟಿರುವುದು ಸುರುಳಿಗೆ ಮಾತ್ರ, ಅರೆಕಾಲುಗಳಿಗಲ್ಲ. ಜೇಡಕ್ಕೆ ಎಲ್ಲಿ ಕಾಲಿಡಬೇಕು ಅಂತ ಗೊತ್ತು. ಜೊತೆಗೆ ಅದರ ಕಾಲಿನ ರೋಮ ಮತ್ತು ಅದರ ಮೇಲಿನ ಲೇಪ ಅಂಟಿಗೆ ಸುಲಭವಾಗಿ ಸಿಗುವುದಿಲ್ಲ.

ಹುಲ್ಲಿನ ಮೇಲೆ ಇಬ್ಬನಿ ಬಿದ್ದಾಗ ಹಾಸಿದ ಬಟ್ಟೆಯಂಥ ಬಲೆಗಳು, ಒಂದು ಕಡೆ ತೂತು. ಒಳಗೆ ಯಾರು?

ಹಿಪ್ಪಾಸಾ. ತೋಳ ಜೇಡಗಳ ಕುಟುಂಬದ್ದು, ಆ ಕುಟುಂಬದಲ್ಲಿ ಹೆಚ್ಚಿನವು ಬಲೆ ಕಟ್ಟದೆ ಓಡಿ ಬೇಟೆಯಾಡುತ್ತವೆ, ಇದು ಮಾತ್ರ ಆಲಿಕೆ ಬಲೆ ಹಾಸಿ ತೂತಿನ ಬಾಯಲ್ಲಿ ಕಾಯುತ್ತದೆ. ಹುಲ್ಲುಕಡ್ಡಿಯಿಂದ ಬಲೆಯನ್ನು ಮೆಲ್ಲಗೆ ಕೆರೆದರೆ ಓಡಿ ಬರುತ್ತದೆ, ಮೋಸ ಗೊತ್ತಾದ ಕೂಡಲೇ ಒಳಗೆ.

ಬಲೆಯಿಲ್ಲದ ತೋಳ ಜೇಡಗಳನ್ನು ನೋಡಬೇಕಾದರೆ ರಾತ್ರಿ ಅಂಗಳಕ್ಕೆ ಹೋಗಿ ಟಾರ್ಚನ್ನು ಹಣೆಯ ಹತ್ತಿರ, ಕಣ್ಣಿನ ಮಟ್ಟದಲ್ಲೇ ಹಿಡಿದು ನೆಲಕ್ಕೆ ಬಿಡಿ. ಹುಲ್ಲಿನಲ್ಲಿ ಹಸಿರು-ಬಿಳಿ ಕಿಡಿಗಳು ಹೊಳೆಯುತ್ತವೆ. ಅದು ಇಬ್ಬನಿ ಅಲ್ಲ, ಕಣ್ಣು. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಇದು ಕಾಣುವುದಿಲ್ಲ, ಏಕೆಂದರೆ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹೆಣ್ಣು ಮೊಟ್ಟೆಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡು ಓಡಾಡುತ್ತದೆ, ಮರಿ ಹೊರಬಂದ ಮೇಲೆ ಅವೆಲ್ಲ ಬೆನ್ನೇರುತ್ತವೆ.

ಮರದ ಕಾಂಡ, ಹೂವಿನಲ್ಲಿ ಏನು ಹುಡುಕಬೇಕು?

ತೆಂಗು, ಮಾವಿನ ಕಾಂಡವನ್ನು ಹತ್ತಿರದಿಂದ ನೋಡಿ. ಹೆರ್ಸಿಲಿಯಾ ತೊಗಟೆಯ ಬಣ್ಣಕ್ಕೇ ಇರುವುದರಿಂದ ಅಲುಗಾಡುವವರೆಗೆ ಕಾಣುವುದಿಲ್ಲ. ಹಿಂದೆ ಎರಡು ಬಾಲ ಇದ್ದ ಹಾಗಿರುವುದು ನೂಲು ಬಿಡುವ ಅಂಗ. ಇರುವೆ ಸಿಕ್ಕರೆ ಹಿಂಭಾಗವನ್ನು ಅದರ ಕಡೆಗಿಟ್ಟುಕೊಂಡು ಸುತ್ತ ಸರ್ರನೆ ಓಡಿ ಕಾಂಡಕ್ಕೇ ಹೊಲಿದುಬಿಡುತ್ತದೆ. ಹೂವಿನಲ್ಲಿ, ಮುಖ್ಯವಾಗಿ ಬಿಳಿ, ಹಳದಿ ಹೂವಿನಲ್ಲಿ, ಜೇನುಹುಳವೊಂದು ಅಲುಗಾಡದೆ ತಲೆಕೆಳಗಾಗಿದ್ದರೆ ಅದರ ಕೆಳಗೆ ಹೂವಿನ ಬಣ್ಣದ್ದೇ ಏಡಿ ಜೇಡ ಥೊಮಿಸಸ್ ಇರುತ್ತದೆ. ಕಾಲಿನ ತುಂಬ ಮುಳ್ಳುಮುಳ್ಳು ರೋಮ ಇರುವ ಹಸಿರು ಜೇಡ ಕಂಡರೆ ಅದು ಪ್ಯೂಸೆಟಿಯಾ.

ಹೊಲದ ಬೇಲಿಯ ಜಾಲಿ ಗಿಡದಲ್ಲಿ ಕೊಳಕು ಚಿಂದಿ ಸುತ್ತಿದ ಹಾಗೆ ಬಲೆ. ನೂರಾರು ಜೇಡ!

ಬಯಲುಸೀಮೆಯವರಿಗೆ ಸಿಗುವ ಭಾಗ್ಯ ಇದು. ಸ್ಟೆಗೊಡೈಫಸ್ ಸರಸಿನೋರಮ್, ಒಟ್ಟಿಗೆ ಬಾಳುವ ಜೇಡ. ಜೇಡಗಳು ಎದುರುಬದುರಾದರೆ ಒಂದನ್ನೊಂದು ತಿನ್ನುವುದೇ ಸಾಮಾನ್ಯ. ಪ್ರಪಂಚದಲ್ಲಿ ಹೆಸರಿಟ್ಟ ಜೇಡ ಜಾತಿಗಳ ಲೆಕ್ಕ 2022ರಲ್ಲೇ 50,000 ದಾಟಿತು. ಅಷ್ಟರಲ್ಲಿ ಹೀಗೆ ಸಂಸಾರ ಮಾಡುವವು ಬೆರಳೆಣಿಕೆಯಷ್ಟು. ಹಗಲು ಗೂಡಿನೊಳಗೆ ಇದ್ದು, ಸಂಜೆ ಹೊರಬಂದು ಬಲೆ ರಿಪೇರಿ ಮಾಡುತ್ತವೆ. ಮಿಡತೆ ಬಿದ್ದರೆ ನಾಲ್ಕೈದು ಸೇರಿ ಎಳೆಯುತ್ತವೆ. ಬಲೆಯಲ್ಲಿ ಅಂಟಿನ ಹನಿ ಇಲ್ಲ, ಉಣ್ಣೆಯಂಥ ಸಣ್ಣ ಎಳೆಗಳಲ್ಲಿ ಹುಳದ ಕಾಲು ಸಿಕ್ಕಿಕೊಳ್ಳುತ್ತದೆ. ಮರಿಗಳಿಗೆ ತಾಯಿ ಮೊದಲು ಬಾಯಿಂದ ಉಣಿಸಿ, ಕೊನೆಗೆ ತನ್ನ ಮೈಯನ್ನೇ ತಿನ್ನಲು ಬಿಡುತ್ತದೆ. ಬೇಲಿ ಸವರುವಾಗ ಸಾಧ್ಯವಾದರೆ ಆ ಕೊಂಬೆ ಬಿಟ್ಟುಬಿಡಿ.

ರೋಮ ತುಂಬಿದ ದೊಡ್ಡ ಜೇಡ ಮನೆಗೆ ಬಂದರೆ?

ಇಲ್ಲಿ ಮಾತ್ರ ಹುಷಾರು. ಪಶ್ಚಿಮ ಘಟ್ಟದ ಕಡೆ ಮರದ ಪೊಟರೆಗಳಲ್ಲಿ, ಕೆಲವೊಮ್ಮೆ ಹಳೇ ಹೆಂಚಿನ ಮನೆಯ ಮರಮುಟ್ಟಿನಲ್ಲಿ, ಪೊಸಿಲೊಥೀರಿಯಾ ಅನ್ನುವ ಚಿತ್ತಾರದ ಟರಾಂಟುಲಾ ಇರುತ್ತದೆ. ಮಿಂಚಿನ ವೇಗ. ಕಚ್ಚಿದರೆ ಪ್ರಾಣ ಹೋಗುವುದಿಲ್ಲವಾದರೂ ತೀವ್ರ ನೋವು, ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಮುಟ್ಟಬೇಡಿ, ದೂರದಿಂದ ನೋಡಿ, ದಾರಿ ಬಿಡಿ. ಕಚ್ಚಿದರೆ ಆಸ್ಪತ್ರೆಗೆ ಹೋಗಿ. ಹಿಡಿದು ಮಾರುವ ಜಾಲವೂ ಇದೆ, ಅದಕ್ಕೇ 2019ರಲ್ಲಿ ಈ ಇಡೀ ಗುಂಪನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಿದರು. ಹಾಗಾಗಿ ಪೊಟರೆಯ ಜಾಗವನ್ನು ನಕ್ಷೆ ಸಮೇತ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಜೇಡ ಸತ್ತು ಬಲೆಯಲ್ಲೇ ನೇತಾಡುತ್ತಿದೆ, ಆದರೆ ಒಳಗೆ ಖಾಲಿ?

ಅದು ಕಳಚಿದ ಪೊರೆ. ಬೆಳೆಯಬೇಕಾದರೆ ಜೇಡ ಹಳೇ ಕವಚ ಬಿಚ್ಚಲೇಬೇಕು. ತಲೆಯ ಭಾಗ ಮುಚ್ಚಳದ ಹಾಗೆ ತೆರೆದಿದ್ದರೆ ಪೊರೆ. ನಿಜವಾಗಿ ಸತ್ತ ಜೇಡದ ಕಾಲು ಒಳಕ್ಕೆ ಮುದುಡಿರುತ್ತವೆ. ಕಾಲನ್ನು ಮಡಿಸಲು ಸ್ನಾಯು ಇದೆ, ಪೂರ್ತಿ ಚಾಚಲು ಮಾತ್ರ ದೇಹದ ದ್ರವದ ಒತ್ತಡ ಬೇಕು. ಸತ್ತ ಮೇಲೆ ಒತ್ತಡ ಎಲ್ಲಿಂದ ಬರಬೇಕು, ಅಲ್ವಾ?

ಜೇಡವನ್ನು ಯಾರು ತಿನ್ನುತ್ತಾರೆ?

ಹಲ್ಲಿ, ಓತಿಕ್ಯಾತ, ಹಕ್ಕಿ, ಬೇರೆ ಜೇಡ. ಆದರೆ ಗಮನಿಸಬೇಕಾದದ್ದು ಮಣ್ಣಿನ ಗೂಡು ಕಟ್ಟುವ ಕಣಜ. ಸ್ವಿಚ್‌ಬೋರ್ಡ್ ಪಕ್ಕ, ಫೋಟೊ ಫ್ರೇಮಿನ ಹಿಂದೆ ಮೆತ್ತಿರುವ ಮಣ್ಣಿನ ಗೂಡು ಯಾವಾಗಲಾದರೂ ಒಡೆದರೆ ಒಳಗೆ ಜೇಡಗಳು ಒತ್ತೊತ್ತಾಗಿ ತುಂಬಿರಬಹುದು. ಕಣಜ ಅವನ್ನು ಕುಟುಕಿ ಅಲುಗಾಡದ ಹಾಗೆ ಮಾಡಿ, ಸಾಯಿಸದೆ, ತನ್ನ ಮರಿಗೆ ತಾಜಾ ಊಟವಾಗಿ ಇಟ್ಟಿರುತ್ತದೆ. ಸೂರಕ್ಕಿಗೆ ಜೇಡವೂ ಬೇಕು, ಬಲೆಯೂ ಬೇಕು. ನೇತಾಡುವ ಅದರ ಗೂಡನ್ನು ಹಿಡಿದಿಡುವುದು ಕದ್ದು ತಂದ ಜೇಡರ ನೂಲೇ.

ಬಲೆ ಗುಡಿಸಬಹುದಾ? ಪೆಸ್ಟ್ ಕಂಟ್ರೋಲ್ ಮಾಡಿಸಬೇಕಾ?

ಗುಡಿಸಿ, ಪಾಪ ಏನಿಲ್ಲ. ಯುಗಾದಿ, ದೀಪಾವಳಿಗೆ ಜಂತಿಯ ಇಲ್ಲಣ ತೆಗೆಯದೆ ಇರೋಕಾಗುತ್ತಾ? ಧೂಳು ಹಿಡಿದು ಜೋತುಬಿದ್ದ ಬಲೆಯಲ್ಲಿ ಬಹುತೇಕ ಯಾರೂ ಇರುವುದಿಲ್ಲ. ಉದ್ದ ಕೋಲಿನ ಪೊರಕೆ ಸಾಕು. ಅಟ್ಟ, ಸ್ಟೋರ್ ರೂಮು, ಗ್ಯಾರೇಜಿನ ಒಂದೆರಡು ಮೂಲೆ ಬಿಟ್ಟರೆ ನೋಡಲು ಒಂದಿಷ್ಟು ಉಳಿಯುತ್ತವೆ.

ಜೇಡಕ್ಕೆಂದೇ ಔಷಧಿ ಹೊಡೆಸುವುದು ನನ್ನ ಪ್ರಕಾರ ದುಡ್ಡು ದಂಡ. ಗೋಡೆಗೆ ಹೊಡೆದ ಔಷಧಿ ಬಲೆಯಲ್ಲಿ ನೇತಾಡುವ ಜೇಡಕ್ಕೆ ಸರಿಯಾಗಿ ತಗಲುವುದೇ ಇಲ್ಲ. ಹುಳ ಇರುವವರೆಗೆ ಜೇಡ ಬರುತ್ತದೆ. ಹೊರಗಿನ ಬಿಳಿ ಲೈಟು ರಾತ್ರಿಯಿಡೀ ಉರಿಸಿದರೆ ಹುಳ ಬರುತ್ತವೆ, ಹಿಂದೆಯೇ ಜೇಡ ಬಲೆ ಕಟ್ಟುತ್ತದೆ. ಲೈಟ್ ಆರಿಸಿ ಅಥವಾ ಹಳದಿ ಬಲ್ಬ್ ಹಾಕಿ, ಕಿಟಕಿಗೆ ಜಾಲರಿ ಹಾಕಿಸಿ. ಹಾಗಂತ ಜೇಡ ಇದ್ದರೆ ಸೊಳ್ಳೆಯೇ ಇರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೊಳ್ಳೆ ಪರದೆ ಬೇಕೇ ಬೇಕು.

ಕೊಲ್ಲದೆ ಹೊರಗೆ ಬಿಡೋದು ಹೇಗೆ?

ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಮತ್ತು ಒಂದು ಗಟ್ಟಿ ಲಗ್ನಪತ್ರಿಕೆ. ಡಬ್ಬವನ್ನು ಜೇಡದ ಮೇಲೆ ಮೆಲ್ಲಗೆ ಮುಚ್ಚಿ, ಪತ್ರಿಕೆಯನ್ನು ಗೋಡೆ ಮತ್ತು ಡಬ್ಬದ ನಡುವೆ ತೂರಿಸಿ. ಕಾಲು ಸಿಕ್ಕಿಕೊಳ್ಳದ ಹಾಗೆ ನಿಧಾನ. ಗಿಡದ ಬುಡದಲ್ಲಿ, ನೆರಳಲ್ಲಿ ಬಿಡಿ. ಮೂಲೆಯ ಉದ್ದ ಕಾಲಿನ ಜೇಡವನ್ನು ಬಿಸಿಲಿಗೆ ಬಿಟ್ಟರೆ ಬದುಕುವುದು ಕಷ್ಟ. ಅದನ್ನು ಶೆಡ್ಡಿನಲ್ಲೋ ಮೆಟ್ಟಿಲ ಕೆಳಗೋ ಬಿಡಿ.

ಯಾವ ಕಾಲ ಒಳ್ಳೆಯದು? ಏನೇನು ಸಾಮಾನು ಬೇಕು?

ಮನೆಯೊಳಗಿನವು ವರ್ಷವಿಡೀ ಸಿಗುತ್ತವೆ. ಹಿತ್ತಲಿಗೆ ಸೆಪ್ಟೆಂಬರಿನಿಂದ ಡಿಸೆಂಬರ್ ಸುಗ್ಗಿ, ದೊಡ್ಡ ಬಲೆಯವು ಆಗ ಪೂರ್ತಿ ಬೆಳೆದಿರುತ್ತವೆ. ಟಾರ್ಚು, ಮೊಬೈಲು, ಬೇಕಿದ್ದರೆ ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್. ಬಲೆ ಕಾಣದಿದ್ದರೆ ಬೆಳಿಗ್ಗೆ ಬಿಸಿಲಿಗೆ ಎದುರಾಗಿ ನಿಂತು ನೋಡಿ. ಕೆಲವರು ಬಲೆ ಎದ್ದು ಕಾಣಲಿ ಅಂತ ಹಿಟ್ಟು ಉದುರಿಸುತ್ತಾರೆ. ಹಾಗೆ ಮಾಡಿದರೆ ಅಂಟು ಹಾಳಾಗಿ ಜೇಡ ಅವತ್ತು ಉಪವಾಸ.

ಫೋಟೊ ತೆಗೆದೆ, ಗುರುತು ಹಿಡಿಯಲು ಎಲ್ಲಿ ಹಾಕಲಿ?

ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್. ಎರಡರಲ್ಲೂ ಜೇಡ ಬಲ್ಲವರು ಇದ್ದಾರೆ. ಒಂದೇ ಫೋಟೊ ಸಾಲದು: ಮೇಲಿನಿಂದ, ಮುಖದ ಕಡೆಯಿಂದ, ಸಾಧ್ಯವಾದರೆ ಹೊಟ್ಟೆಯ ಅಡಿಯಿಂದ ಮತ್ತು ಬಲೆಯದು ಒಂದು. ಮುಖದ ಫೋಟೊ ಯಾಕೆಂದರೆ ಕಣ್ಣುಗಳ ಜೋಡಣೆಯಿಂದ ಕುಟುಂಬ ತಿಳಿಯುತ್ತದೆ. ಬಾಯಿ ಪಕ್ಕದ ಪುಟ್ಟ ಕೈಗಳ ತುದಿ ಊದಿಕೊಂಡಿದ್ದರೆ ಬೆಳೆದ ಗಂಡು, ಅದನ್ನೂ ಹತ್ತಿರದಿಂದ ತೆಗೆಯಿರಿ. ಊರು, ತಿಂಗಳು, ಗೋಡೆಯೋ ಗಿಡವೋ, ಸುಮಾರು ಎಷ್ಟು ಉದ್ದ ಅಂತ ಬರೆಯಿರಿ. ಉದ್ದ ಹೇಳುವಾಗ ಕಾಲು ಬಿಟ್ಟು ಮೈಯಷ್ಟೇ ಅಳೆಯಬೇಕು, ಇಲ್ಲದಿದ್ದರೆ ಎಲ್ಲರ ಮನೆಯ ಜೇಡವೂ ಅಂಗೈಯಗಲವೇ ಆಗುತ್ತದೆ. ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಕುಟುಂಬದ ಹೆಸರಷ್ಟೇ ಸಿಗುತ್ತದೆ, ಏಕೆಂದರೆ ಎಷ್ಟೋ ಜೇಡಗಳ ಜಾತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೇಳಲು ಆಗುವುದಿಲ್ಲ.